ಕೈಯಲ್ಲಿದ್ದದ್ದೇ ಬಾಯಿಗೆ: ಕೆಲಸದ ಜಾಗದ ತಂಬಾಕು, ಓದುಗರ ಪ್ರಶ್ನೆಗಳಿಗೆ ಉತ್ತರ

ಕೆಲಸದ ಜಾಗದಲ್ಲಿ ತಂಬಾಕು ಬಳಸುವವರಿಂದ ಮತ್ತು ಅವರ ಮನೆಯವರಿಂದ ಪ್ರಶ್ನೆಗಳನ್ನು ಕೇಳಿದ್ದೆವು. ಬೈಕಂಪಾಡಿಯಿಂದ ಮಲ್ಪೆಯವರೆಗೆ ಹಲವರು ಬರೆದಿದ್ದಾರೆ. ತಂಬಾಕು ಕೆಟ್ಟದ್ದೆಂಬ ಮಾತು ಪೊಟ್ಟಣದ ಮೇಲೆಯೇ ಇದೆ, ಅದನ್ನು ಇಲ್ಲಿ ಮತ್ತೆ ಬರೆಯುವ ಅಗತ್ಯವಿಲ್ಲ. ಗ್ರೈಂಡರ್ ಪುಡಿ, ಥಿನ್ನರ್, ಸಿಮೆಂಟ್ ಶೀಟು, ಬೀಡಿ ಎಲೆ, ಕಡಲ ಮೇಲಿನ ಹತ್ತು ದಿನ, ಇವುಗಳ ಜೊತೆ ತಂಬಾಕು ಸೇರಿದಾಗ ಏನಾಗುತ್ತದೆ ಎಂಬುದಕ್ಕೆ ಇಲ್ಲಿ ಜಾಗ ಕೊಟ್ಟಿದ್ದೇವೆ. ಪತ್ರ ಬರೆದವರ ಹೆಸರು ಹಾಕಿಲ್ಲ.

ಬೈಕಂಪಾಡಿ ಹತ್ತಿರ ನನ್ನದೊಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್ ಇದೆ. ಆರು ಜನ ಹುಡುಗರು. ಶೆಡ್‌ನೊಳಗೆ ಬೀಡಿ, ಸಿಗರೇಟು ಬೇಡವೆಂದ ಮೇಲೆ ಎಲ್ಲರೂ ಖೈನಿ ಹಿಡಿದಿದ್ದಾರೆ. ‘ಹೊಗೆಯೇ ಇಲ್ಲವಲ್ಲ ಧನಿಗಳೇ, ಯಾರಿಗೇನು ತೊಂದರೆ?’ ಎನ್ನುತ್ತಾರೆ. ಏನು ಹೇಳಲಿ?

ಪಕ್ಕದವನಿಗೆ ಹೊಗೆ ತಾಗುವುದಿಲ್ಲ, ಅಷ್ಟು ನಿಜ. ಆದರೆ ಖೈನಿ ತಿನ್ನುವವನ ಮಟ್ಟಿಗೆ ನಿಮ್ಮ ಶೆಡ್‌ನಲ್ಲಿ ಅಪಾಯ ಕಡಿಮೆಯಾಗಿಲ್ಲ, ದಾರಿ ಬದಲಿಸಿದೆ. ನಿಮ್ಮಲ್ಲಷ್ಟೇ ಹೀಗೆಂದು ತಿಳಿಯಬೇಡಿ. ಕರ್ನಾಟಕದಲ್ಲಿ ಸೇದುವವರಿಗಿಂತ ಬಾಯಿಗೆ ಹಾಕುವವರೇ ಹೆಚ್ಚು. 2016–17ರ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಸೇದುವವರು ಶೇ 8.8, ಹೊಗೆಯಿಲ್ಲದ ತಂಬಾಕು ಬಳಸುವವರು ಶೇ 16.3 ಇದ್ದರು.

ಖೈನಿ ತಿಕ್ಕುವ ಕೈಯನ್ನು ಒಮ್ಮೆ ಹತ್ತಿರದಿಂದ ನೋಡಿ. ಎಡಗೈ ಅಂಗೈ ಮೇಲೆ ಒಂದು ಚಿಟಿಕೆ ಹೊಗೆಸೊಪ್ಪು, ಉಗುರ ತುದಿಯಲ್ಲಿ ತೆಗೆದ ಸುಣ್ಣ. ಬಲಗೈ ಹೆಬ್ಬೆರಳಿನಿಂದ ಎರಡು ಮೂರು ನಿಮಿಷ ಬಿಗಿಯಾಗಿ ತಿಕ್ಕುತ್ತಾರೆ. ಆಮೇಲೆ ಎರಡು ಸಲ ತಟ್ಟಿ ಧೂಳು ಹಾರಿಸಿ ಕೆಳತುಟಿಯ ಹಿಂದೆ ಇಡುತ್ತಾರೆ. ಆ ಅಂಗೈಯ ಗೆರೆಗಳಲ್ಲಿ ಹತ್ತು ನಿಮಿಷದ ಹಿಂದಿನ ಗ್ರೈಂಡಿಂಗ್ ಪುಡಿ ಕಪ್ಪಾಗಿ ಕೂತಿರುತ್ತದೆ. ಕಟಿಂಗ್ ಆಯಿಲ್, ಪ್ರೈಮರ್, ಗ್ರೀಸ್ ಕೂಡ ಇರುತ್ತವೆ. ತಿಕ್ಕುವಾಗ ಅವೆಲ್ಲ ಸೊಪ್ಪಿನೊಂದಿಗೆ ಅರೆದು ಒಂದಾಗುತ್ತವೆ. ಸುಣ್ಣದ ಕ್ಷಾರದಿಂದ ನಿಕೋಟಿನ್ ಬೇಗ ರಕ್ತಕ್ಕೆ ಇಳಿಯುತ್ತದೆ, ಅದಕ್ಕೇ ಸುಣ್ಣ ಹಾಕುವುದು. ಅದೇ ಸುಣ್ಣ ತುಟಿಯ ಒಳಚರ್ಮವನ್ನು ಸುಟ್ಟು ತೆಳುವಾಗಿಸುತ್ತದೆ. ಸುಟ್ಟ ಚರ್ಮದ ಮೇಲೆ ಇಪ್ಪತ್ತು ನಿಮಿಷ ಲೋಹದ ಪುಡಿ ಒತ್ತಿಕೊಂಡು ಕೂತಂತಾಯಿತು.

ಸ್ಟೇನ್‌ಲೆಸ್ ಸ್ಟೀಲ್ ಕೆಲಸವಿದ್ದರೆ ಆ ಪುಡಿಯಲ್ಲಿ ಕ್ರೋಮಿಯಂ, ನಿಕೆಲ್ ಇರುತ್ತದೆ. ಹಳೆಯ ಗೇಟು, ಗ್ರಿಲ್ ಉಜ್ಜುವಾಗ ಹಳೆ ಬಣ್ಣದಿಂದ ಸೀಸ ಉದುರುತ್ತದೆ. ಬ್ಯಾಟರಿ ರಿಪೇರಿ, ರೇಡಿಯೇಟರ್ ಬೆಸುಗೆ ಮಾಡುವವರಿಗೆ ಸೀಸ ಮೈಸೇರುವ ದೊಡ್ಡ ದಾರಿಯೇ ಕೈಯಿಂದ ಬಾಯಿಗೆ. ಹೊಟ್ಟೆನೋವು, ಮಲಬದ್ಧತೆ, ಸುಸ್ತು, ರಕ್ತಹೀನತೆ ಎಂದು ಇವರು ವರ್ಷಗಟ್ಟಲೆ ಔಷಧ ತಿನ್ನುತ್ತಾರೆ. ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿದವರು ಕಡಿಮೆ.

ಎರಡನೆಯದು ಮಾಸ್ಕ್. ಎನ್‌95 ಮುಖಕ್ಕೆ ಅಂಟಿ ಕೂತರೆ ಮಾತ್ರ ಕೆಲಸ ಮಾಡುತ್ತದೆ. ಬಾಯಲ್ಲಿ ತಂಬಾಕು ಇದ್ದವನು ಐದು ನಿಮಿಷಕ್ಕೊಮ್ಮೆ ಉಗುಳಬೇಕು. ಒಂದು ಸಲ ಕೆಳಗೆ ಎಳೆದ ಮಾಸ್ಕ್ ಎರಡನೇ ಸಲ ಗಲ್ಲದಲ್ಲೇ ಉಳಿಯುತ್ತದೆ. ಮಾಸ್ಕ್ ತಂದುಕೊಟ್ಟರೂ ಹುಡುಗರು ಹಾಕುವುದಿಲ್ಲ ಎಂದು ದೂರುವ ಮಾಲೀಕರು ಮೊದಲು ಅವರ ತುಟಿ ನೋಡಬೇಕು. ಮುಖಕ್ಕೆ ಕಟ್ಟುವ ಬೈರಾಸು ಬೆವರು ಒರೆಸಲು ಆಗುತ್ತದೆ, ವೆಲ್ಡಿಂಗ್ ಹೊಗೆಯ ಸಣ್ಣ ಕಣವನ್ನು ಅದು ತಡೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ತಂಬಾಕು ಇರುವುದೂ ಅದೇ ಗುಂಪಿನಲ್ಲಿ.

ನೀವು ನಾಳೆಯೇ ಮಾಡಬಹುದಾದ್ದು ಇಷ್ಟು. ನೀರಿನ ನಲ್ಲಿ, ಸೋಪು, ಉಗುರಿನ ಬ್ರಷ್ ಇವು ಶೆಡ್‌ನ ಬಾಗಿಲ ಹತ್ತಿರವೇ ಇರಲಿ, ಕೈ ತೊಳೆಯಲು ಹಿತ್ತಲಿಗೆ ಹೋಗಬೇಕಾದರೆ ಯಾರೂ ಹೋಗುವುದಿಲ್ಲ. ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್‌ನಲ್ಲಿ ಕೈ ತೊಳೆಯುವುದನ್ನು ಪೂರ್ತಿ ನಿಲ್ಲಿಸಿ. ಅವು ಚರ್ಮದೊಳಕ್ಕೆ ಇಳಿಯುತ್ತವೆ, ಎಣ್ಣೆಯಂಶ ತೆಗೆದು ಚರ್ಮವನ್ನು ಬಿರುಕು ಬಿಡಿಸುತ್ತವೆ, ಆ ಬಿರುಕಿನಲ್ಲಿ ಇನ್ನಷ್ಟು ಪುಡಿ ಕೂರುತ್ತದೆ. ಗ್ರೀಸ್ ಬಿಡಿಸಲು ಒಂದು ಚಮಚ ತೆಂಗಿನೆಣ್ಣೆ ಸಾಕು. ಒಣಗೈಗೆ ಎಣ್ಣೆ ಸವರಿ ಅರ್ಧ ನಿಮಿಷ ತಿಕ್ಕಿ, ಬನಿಯನ್ ವೇಸ್ಟ್‌ನಲ್ಲಿ ಒರೆಸಿ, ಆಮೇಲೆ ಸೋಪು ನೀರು. ಚಹಾ, ತಿಂಡಿ ಶೆಡ್‌ನೊಳಗೆ ತರಿಸಬೇಡಿ. ಇದು ತಂಬಾಕು ಬಿಡಿಸುವ ಉಪಾಯವಲ್ಲ, ಬಿಡುವವರೆಗೆ ಹಾನಿ ಕಡಿಮೆ ಮಾಡುವ ಉಪಾಯ. ಬಿಡುವ ಕ್ರಮ ಕೊನೆಯ ಉತ್ತರದಲ್ಲಿದೆ.

ಉಡುಪಿಯಲ್ಲಿ ಪ್ಲಂಬಿಂಗ್ ಕೆಲಸ ನನ್ನದು. ಎರಡು ತಿಂಗಳಲ್ಲಿ ಮೂರು ಸಲ ಸಂಜೆ ಹೊತ್ತಿಗೆ ಚಳಿ ಜ್ವರ ಬಂದು, ಎದೆ ಬಿಗಿದು, ಮಾರನೇ ದಿನ ತಾನಾಗಿ ಬಿಟ್ಟಿತು. ಮಲೇರಿಯಾ ಪರೀಕ್ಷೆ ಮೂರು ಸಲವೂ ಇಲ್ಲವೆಂದೇ ಬಂತು. ದಿನಕ್ಕೆ ಹತ್ತು ಹನ್ನೆರಡು ಸಿಗರೇಟು ಸೇದುತ್ತೇನೆ. ಇದಕ್ಕೂ ಅದಕ್ಕೂ ಸಂಬಂಧವಿದೆಯೇ?

ಮಲೇರಿಯಾ ಪರೀಕ್ಷೆ ಮಾಡಿಸಿದ್ದು ಒಳ್ಳೆಯದು. ನಮ್ಮ ಕರಾವಳಿಯಲ್ಲಿ ಚಳಿ ಜ್ವರ ಬಂದರೆ ಮೊದಲ ಕೆಲಸ ಅದೇ, ಮುಂದೆಯೂ ಅದನ್ನು ಬಿಡಬೇಡಿ. ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ನಿಮ್ಮ ಅಂಗಿಯ ಜೇಬು ನೋಡಿಕೊಳ್ಳಿ. ಟೆಫ್ಲಾನ್ ಟೇಪ್ ಮತ್ತು ಸಿಗರೇಟು ಪ್ಯಾಕು ಒಂದೇ ಜೇಬಿನಲ್ಲಿವೆಯೇ?

ನಲ್ಲಿಯ ಥ್ರೆಡ್‌ಗೆ ಸುತ್ತುವ ಬಿಳಿ ಟೇಪನ್ನು ಹರಿಯುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಬೆರಳಿಗೆ ಅಂಟುತ್ತವೆ. ಅದೇ ಬೆರಳಲ್ಲಿ ಸಿಗರೇಟು ಹಿಡಿದರೆ ಎಳೆ ಕಾಗದಕ್ಕೆ ಅಂಟುತ್ತದೆ. ಟೆಫ್ಲಾನ್ ತಣ್ಣಗಿದ್ದಾಗ ಏನೂ ಮಾಡದ ವಸ್ತು. ಆದರೆ ಸಿಗರೇಟಿನ ಕೆಂಡದ ಬಿಸಿ ಎಳೆದಾಗ 700–900 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಅದರ ಅರ್ಧದಷ್ಟು ಬಿಸಿಗೇ ಟೆಫ್ಲಾನ್ ಒಡೆದು ವಿಷದ ಹೊಗೆಯಾಗುತ್ತದೆ. ಒಂದು ಮಿಲಿಗ್ರಾಂಗಿಂತ ಕಡಿಮೆ ಇದ್ದರೂ ಜ್ವರ ಬರಿಸಲು ಸಾಕು. ಸೇದಿದ ಕೆಲವು ಗಂಟೆಗಳ ಮೇಲೆ ಚಳಿ, ಜ್ವರ, ಮೈಕೈ ನೋವು, ಎದೆ ಬಿಗಿತ, ಒಣ ಕೆಮ್ಮು ಶುರುವಾಗುತ್ತದೆ. ಒಂದೆರಡು ದಿನದಲ್ಲಿ ಇಳಿಯುತ್ತದೆ. ಕೆಲಸಕ್ಕೂ ಜ್ವರಕ್ಕೂ ನಡುವೆ ಇಷ್ಟು ಹೊತ್ತಿರುವುದರಿಂದ ಯಾರೂ ಎರಡನ್ನೂ ಜೋಡಿಸಿ ನೋಡುವುದಿಲ್ಲ, ಫ್ಲೂ ಎಂದು ಮಾತ್ರೆ ನುಂಗಿ ಮಲಗುತ್ತಾರೆ.

ಇನ್ನೊಂದನ್ನೂ ಕೇಳಿಕೊಳ್ಳಿ. ಜ್ವರ ಬಂದ ದಿನ ಜಿಐ ಪೈಪಿಗೆ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪಿಗೆ, ವೆಲ್ಡಿಂಗ್ ಆಗಿತ್ತೇ? ಸತುವಿನ ಲೇಪ ಸುಟ್ಟ ಬಿಳಿ ಹೊಗೆಯಿಂದಲೂ ಇಂಥದೇ ಜ್ವರ ಬರುತ್ತದೆ, ಬಾಯಲ್ಲಿ ಲೋಹದ ರುಚಿಯಿರುತ್ತದೆ. ರಜೆ ಮುಗಿಸಿ ಬಂದ ಮೊದಲ ದಿನ ಹೆಚ್ಚಾಗುವುದರಿಂದ ಅದಕ್ಕೆ ಸೋಮವಾರದ ಜ್ವರ ಎಂಬ ಹೆಸರೂ ಇದೆ. ವೆಲ್ಡ್ ಮಾಡುವ ಜಾಗದ ಎರಡೂ ಕಡೆ ಎರಡೆರಡು ಇಂಚು ಸತುವನ್ನು ಉಜ್ಜಿ ತೆಗೆದು, ಗಾಳಿಯಾಡುವಲ್ಲಿ ಕೂತು ಮಾಡಿದರೆ ಇದು ಬಹಳ ಮಟ್ಟಿಗೆ ತಪ್ಪುತ್ತದೆ.

ಟೇಪು ಟೂಲ್ ಬ್ಯಾಗ್‌ನಲ್ಲಿರಲಿ, ಸಿಗರೇಟು ಕೆಲಸದ ಅಂಗಿಯಲ್ಲಿ ಬೇಡ. ಟೇಪ್ ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆಯದೆ ಸಿಗರೇಟು ಮುಟ್ಟಬೇಡಿ. ಉಸಿರಾಡಲು ಕಷ್ಟವಾದರೆ, ಜ್ವರ ಎರಡು ದಿನ ದಾಟಿದರೆ ಕಾಯಬೇಡಿ. ವೈದ್ಯರ ಬಳಿ ‘ಟೆಫ್ಲಾನ್ ಟೇಪ್ ಕೆಲಸ ಮಾಡುತ್ತೇನೆ, ಸೇದುತ್ತೇನೆ’ ಎಂದು ನೀವಾಗಿಯೇ ಹೇಳಿ. ಅವರು ಕೇಳುತ್ತಾರೆಂದು ಕಾದರೆ ಆ ಪ್ರಶ್ನೆ ಬರಲಿಕ್ಕಿಲ್ಲ.

ಸಿಮೆಂಟ್ ಶೀಟು ಹೊದೆಸುವ ಕೆಲಸ. ಧೂಳು ಗಂಟಲಿಗೆ ಹೋದರೆ ಒಂದು ಬೀಡಿ ಸೇದಿದರೆ ಕಫ ಕಿತ್ತು ಬರುತ್ತದೆ ಎನ್ನುತ್ತಾರಲ್ಲ?

ದಯವಿಟ್ಟು ಈ ಮಾತನ್ನು ನಂಬಬೇಡಿ. ಶ್ವಾಸನಾಳದ ಒಳಗೋಡೆಯಲ್ಲಿ ಸಣ್ಣ ರೋಮಗಳಿವೆ, ಧೂಳನ್ನು ಮೇಲಕ್ಕೆ ಗುಡಿಸುವುದೇ ಅವುಗಳ ಕೆಲಸ. ಬೀಡಿ ಹೊಗೆ ಅವನ್ನು ಜಡಗೊಳಿಸುತ್ತದೆ. ಕೆಮ್ಮು ಬರುವುದು ಹೊಗೆಯ ಕೆರಳಿಕೆಗೆ, ಧೂಳು ಒಳಗೇ ಉಳಿಯುತ್ತದೆ.

ನಿಮ್ಮ ಶೀಟಿನಲ್ಲಿ ಸಾಮಾನ್ಯವಾಗಿ ಕಲ್ನಾರು ಇರುತ್ತದೆ, ಅಂದರೆ ಆಸ್ಬೆಸ್ಟಾಸ್. ಅಮೆರಿಕದ ಇನ್ಸುಲೇಶನ್ ಕಾರ್ಮಿಕರ ಬಗ್ಗೆ 1979ರಲ್ಲಿ ಬಂದ ಅಧ್ಯಯನದ ಲೆಕ್ಕ ಹೀಗಿದೆ: ಎರಡೂ ಇಲ್ಲದವರಿಗೆ ಹೋಲಿಸಿದರೆ ಶ್ವಾಸಕೋಶದ ಕ್ಯಾನ್ಸರ್‌ನಿಂದ ಸಾಯುವ ಸಂಭವ ಕಲ್ನಾರು ಒಂದೇ ಇದ್ದರೆ ಸುಮಾರು 5 ಪಟ್ಟು, ಸಿಗರೇಟು ಒಂದೇ ಇದ್ದರೆ ಸುಮಾರು 10 ಪಟ್ಟು, ಎರಡೂ ಇದ್ದರೆ 50 ಪಟ್ಟಿಗೂ ಹೆಚ್ಚು. ಐದು ಮತ್ತು ಹತ್ತು ಕೂಡಿ ಹದಿನೈದು ಆಗುವುದಿಲ್ಲ, ಗುಣಿಸಿಕೊಳ್ಳುತ್ತವೆ. ಶೀಟನ್ನು ಗ್ರೈಂಡರ್‌ನಲ್ಲಿ ಕೊಯ್ಯಬೇಡಿ. ನೀರು ಹನಿಸುತ್ತ ಕೈಗರಗಸದಲ್ಲಿ, ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು ಕೊಯ್ಯಿರಿ. ಪುಡಿಯನ್ನು ಒಣಗಿರುವಾಗ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಕೆಲಸದ ಬಟ್ಟೆ ಮನೆಯಲ್ಲಿ ಕೊಡವುವುದು ಬೇಡ, ನೇರ ನೀರಿಗೆ ಹಾಕಿ.

ಮಂಗಳೂರಿನಲ್ಲಿ ಫರ್ನಿಚರ್ ಪಾಲಿಶ್ ಮಾಡುತ್ತೇವೆ. ಥಿನ್ನರ್ ಡಬ್ಬದಿಂದ ನಾಲ್ಕು ಹೆಜ್ಜೆ ದೂರ ಹೋಗಿ ಬೀಡಿ ಸೇದಿದರೆ ಸಾಲದೇ?

ಸಾಲದು. ಥಿನ್ನರ್ ಆವಿ ಗಾಳಿಗಿಂತ ಭಾರ. ಮೇಲಕ್ಕೆ ಹೋಗದೆ ನೆಲ ಹಿಡಿದು ನೀರಿನ ಹಾಗೆ ಹರಿಯುತ್ತದೆ, ತಗ್ಗಿನ ಜಾಗದಲ್ಲಿ, ಮೆಟ್ಟಿಲ ಕೆಳಗೆ ನಿಲ್ಲುತ್ತದೆ. ಬೆಂಕಿ ತಗಲಿದರೆ ಜ್ವಾಲೆ ಅದೇ ದಾರಿ ಹಿಡಿದು ಡಬ್ಬಕ್ಕೆ ವಾಪಸು ಬರುತ್ತದೆ.

ಇಲ್ಲಿ ಸಿಗರೇಟಿಗಿಂತ ಬೀಡಿಗೆ ಹೆದರಬೇಕು. ಬರಿಯ ಕೆಂಡಕ್ಕಿಂತ ಕಡ್ಡಿ ಅಥವಾ ಲೈಟರಿನ ಜ್ವಾಲೆಗೆ ಆವಿ ಸುಲಭವಾಗಿ ಹೊತ್ತುತ್ತದೆ. ಬೀಡಿ ಎಳೆಯದೆ ಬಿಟ್ಟರೆ ಆರುತ್ತದೆ, ಒಂದೇ ಬೀಡಿಗೆ ಎರಡು ಮೂರು ಸಲ ಕಡ್ಡಿ ಗೀರಬೇಕಾಗುತ್ತದೆ. ಪ್ರತಿ ಗೀರೂ ಒಂದು ಅವಕಾಶ. ಎಸೆದ ತುಂಡು ಎಣ್ಣೆ ಬಟ್ಟೆಯ ರಾಶಿಗೆ ಬಿದ್ದರೆ ಗಂಟೆಗಟ್ಟಲೆ ಒಳಗೊಳಗೇ ಕನಲಿ, ಎಲ್ಲರೂ ಮನೆಗೆ ಹೋದ ಮೇಲೆ ಹತ್ತಿಕೊಳ್ಳುತ್ತದೆ. ಪಾಲಿಶ್ ಬಟ್ಟೆಗಳಿಗೆ ಮುಚ್ಚಳದ ಕಬ್ಬಿಣದ ಡಬ್ಬ ಇಟ್ಟು ಅರ್ಧ ನೀರು ತುಂಬಿಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆ ಬೀಡಿ ಇಲ್ಲದೆಯೂ ತಾನಾಗಿ ಹೊತ್ತಬಲ್ಲದು.

ಹಳೆ ಬಣ್ಣ ಕೀಳುವ ರಿಮೂವರ್ ಬಳಸುತ್ತೀರಾದರೆ ಡಬ್ಬದ ಮೇಲೆ ಮೆಥಿಲೀನ್ ಕ್ಲೋರೈಡ್ ಅಥವಾ ಡೈಕ್ಲೋರೋಮೀಥೇನ್ ಎಂದಿದೆಯೇ ನೋಡಿ. ಉಸಿರಾಡಿದ ಆ ಆವಿ ದೇಹದೊಳಗೆ ಕಾರ್ಬನ್ ಮಾನಾಕ್ಸೈಡ್ ಆಗಿ ಬದಲಾಗುತ್ತದೆ. ಬೀಡಿ ಹೊಗೆಯಿಂದ ಬರುವುದೂ ಅದೇ ಅನಿಲ, ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ. ಎರಡೂ ಸೇರಿದ ದಿನ ತಲೆನೋವು, ತಲೆಸುತ್ತು ಬರುತ್ತದೆ. ಹೃದಯದ ರಕ್ತನಾಳ ಕಟ್ಟಿದ್ದವರಿಗೆ ಎದೆನೋವೇ ಬರಬಹುದು. ಇದೇ ಆವಿ ಬೀಡಿಯ ಕೆಂಡಕ್ಕೋ ವೆಲ್ಡಿಂಗ್ ಆರ್ಕಿಗೋ ಸಿಕ್ಕಿದರೆ ಫಾಸ್ಜೀನ್‌ನಂಥ ವಿಷಾನಿಲವೂ ಹುಟ್ಟುತ್ತದೆ. ಮುಚ್ಚಿದ ಕೋಣೆಯಲ್ಲಿ ರಿಮೂವರ್ ಕೆಲಸ ಬೇಡವೇ ಬೇಡ.

ಕಾಪು ಕಡೆಯವಳು. ಮದುವೆಯಾದಂದಿನಿಂದ ಮನೆಯಲ್ಲಿ ಬೀಡಿ ಕಟ್ಟುತ್ತೇನೆ. ಒಂದು ಬೀಡಿಯನ್ನೂ ಸೇದಿದವಳಲ್ಲ. ಈಗೀಗ ತಲೆಸುತ್ತು, ವಾಕರಿಕೆ, ಬೆಳಗ್ಗೆ ಕೆಮ್ಮು. ಸೊಸೆಯೂ ಜೊತೆಗೆ ಕಟ್ಟುತ್ತಾಳೆ, ಅವಳಿಗೆ ಎಂಟು ತಿಂಗಳ ಮಗುವಿದೆ.

ಅಮ್ಮ, ನೀವು ಸೇದದಿದ್ದರೂ ತಂಬಾಕು ನಿಮ್ಮ ಮೈಗೆ ಹೋಗುತ್ತಿದೆ. ಒಂದು ಬೀಡಿಗೆ ಸುಮಾರು 0.2 ಗ್ರಾಂ ಪುಡಿ ಹಿಡಿಯುತ್ತದೆ, ಸಾವಿರ ಬೀಡಿ ಕಟ್ಟಿದರೆ 200 ಗ್ರಾಂ ಬೆರಳಲ್ಲಿ ಹಾದುಹೋಗುತ್ತದೆ. ನಿಕೋಟಿನ್ ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ, ನೆನೆಸಿದ ಎಲೆ ಹಿಡಿದ ಒದ್ದೆ ಬೆರಳಲ್ಲಿ ಇನ್ನೂ ಬೇಗ. ತಲೆಸುತ್ತು, ವಾಕರಿಕೆಗೆ ಇದು ಕಾರಣವಿರಬಹುದು. ಪುಡಿ ಗಾಳಿಯಲ್ಲಿ ತೇಲಿ ಉಸಿರಿನಲ್ಲೂ ಹೋಗುತ್ತದೆ.

ಗ್ಲೌಸ್ ಹಾಕಿ ಎಂದು ಸುಲಭವಾಗಿ ಹೇಳಿಬಿಡುತ್ತಾರೆ. ಗ್ಲೌಸ್ ಹಾಕಿದ ಬೆರಳಿಗೆ ಎಲೆ ಸುರುಳಿ ಸುತ್ತಲು, ತುದಿ ಮಡಚಲು ಆಗುವುದಿಲ್ಲ ಎಂಬುದು ನಿಮಗೆ ಗೊತ್ತಿದೆ. ಆಗುವುದನ್ನು ಹೇಳುತ್ತೇವೆ. ಅತಿ ಹೆಚ್ಚು ಧೂಳು ಏಳುವುದು ಪುಡಿ ಜರಡಿ ಹಿಡಿಯುವಾಗ, ಗೆರಸೆಗೆ ಸುರಿಯುವಾಗ. ಅಷ್ಟು ಹೊತ್ತಾದರೂ ಅಂಗಳಕ್ಕೆ ಬನ್ನಿ, ಮೂಗು ಬಾಯಿಗೆ ಮಾಸ್ಕ್ ಇರಲಿ. ಕಟ್ಟಲು ಕೂರುವಾಗ ಸೀಲಿಂಗ್ ಫ್ಯಾನಿನ ನೇರ ಕೆಳಗೆ ಬೇಡ, ಅದು ಗೆರಸೆಯ ಪುಡಿಯನ್ನು ಎಬ್ಬಿಸಿ ಮುಖಕ್ಕೇ ಹಾಕುತ್ತದೆ. ಚಾವಡಿಯಲ್ಲಿ ಗಾಳಿ ಒಂದು ಬದಿಯಿಂದ ಬಂದು ಇನ್ನೊಂದು ಬದಿಗೆ ಹೋಗುವಲ್ಲಿ ಕೂರಿ. ಮೇಲೊಂದು ಹಳೆ ಅಂಗಿ ಹಾಕಿಕೊಂಡು, ಕೆಲಸ ಮುಗಿದ ಕೂಡಲೇ ತೆಗೆದು ಹೊರಗೆ ನೇತು ಹಾಕಿ. ನೆಲ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ.

ಸೊಸೆಯ ವಿಷಯದಲ್ಲಿ ತಡ ಮಾಡಬೇಡಿ. ನಿಕೋಟಿನ್ ಎದೆಹಾಲಿಗೂ ಸೇರುತ್ತದೆ. ಮಗು ಹಾಲು ಕುಡಿಯುವಷ್ಟು ಕಾಲ ಅವಳು ಪುಡಿ ಮುಟ್ಟದ ಕೆಲಸ ಮಾಡಲಿ, ಎಲೆ ಕತ್ತರಿಸುವುದು, ಕಟ್ಟಿದ ಬೀಡಿಗಳನ್ನು ಎಣಿಸಿ ಕಟ್ಟು ಮಾಡುವುದು ಹೀಗೆ. ಅದಾದ ಮೇಲೂ ಮಗುವನ್ನು ಎತ್ತುವ ಮೊದಲು ಮೊಣಕೈವರೆಗೆ ಸೋಪು ಹಾಕಿ ತೊಳೆಯಬೇಕು. ಮಗು ಅಂಬೆಗಾಲಿಡುವ ವಯಸ್ಸು, ನೆಲದಲ್ಲಿ ಸಿಕ್ಕಿದ್ದು ಬಾಯಿಗೆ ಹೋಗುತ್ತದೆ. ಒಂದು ಚಿಟಿಕೆ ತಂಬಾಕು ನುಂಗಿದರೂ ವಾಂತಿ, ಜೊಲ್ಲು, ಬೆವರು, ಮಂಕು ಕಾಣಿಸಬಹುದು. ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಪುಡಿ ಡಬ್ಬ ಗಟ್ಟಿ ಮುಚ್ಚಳದ್ದಾಗಿರಲಿ, ಅಡುಗೆಮನೆ ಮತ್ತು ಮಲಗುವ ಕೋಣೆ ಬಿಟ್ಟು ಬೇರೆ ಕಡೆ ಎತ್ತರದಲ್ಲಿರಲಿ.

ಬೆಳಗಿನ ಕೆಮ್ಮು ಎರಡು ವಾರ ದಾಟಿದ್ದರೆ ಕಫ ಪರೀಕ್ಷೆ ಮಾಡಿಸಿ, ಕ್ಷಯವೋ ಅಲ್ಲವೋ ಎಂದು ತಿಳಿಯಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ನಿಮ್ಮ ಬೀಡಿ ಕಾರ್ಮಿಕರ ಗುರುತಿನ ಚೀಟಿ ಆಗಿದೆಯೇ? ಇಲ್ಲದಿದ್ದರೆ ಮಾಡಿಸಿಕೊಳ್ಳಿ. ಚಿಕಿತ್ಸೆಯ ನೆರವಿಗೂ ಮಕ್ಕಳ ವಿದ್ಯಾರ್ಥಿವೇತನಕ್ಕೂ ಅದು ಬೇಕು.

ಗ್ಯಾರೇಜಿಗೆ ‘ಧೂಮಪಾನ ನಿಷೇಧಿಸಿದೆ’ ಬೋರ್ಡು ಕಡ್ಡಾಯವೇ? ದಂಡ ಎಷ್ಟು?

ಕಡ್ಡಾಯ. 2003ರ ತಂಬಾಕು ನಿಯಂತ್ರಣ ಕಾಯ್ದೆಯ ಕೆಳಗೆ 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿರುವ ನಿಯಮದಂತೆ ಕೆಲಸದ ಜಾಗವೂ ಸಾರ್ವಜನಿಕ ಸ್ಥಳವೇ. ಬೋರ್ಡು ಕನಿಷ್ಠ 60 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರವಿದ್ದು ಪ್ರವೇಶದಲ್ಲಿ ಕಾಣಬೇಕು, ದೂರು ಯಾರಿಗೆ ಕೊಡಬೇಕೆಂದು ಅದರಲ್ಲಿ ಬರೆದಿರಬೇಕು. ಒಳಗೆ ಆಶ್‌ಟ್ರೇ, ಬೆಂಕಿಪೊಟ್ಟಣ, ಲೈಟರ್ ಇಡಬಾರದು. ಕರ್ನಾಟಕದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದು ದಂಡ 200 ರೂಪಾಯಿಯಿಂದ 1,000ಕ್ಕೆ ಏರಿದೆ, ತಂಬಾಕು ಮಾರಲು ಗಿರಾಕಿಯ ವಯಸ್ಸು ಕನಿಷ್ಠ 21 ಆಗಿರಬೇಕು. ನಿಮ್ಮ ಗ್ಯಾರೇಜಿನ ಹದಿನೆಂಟರ ಹುಡುಗನನ್ನು ಸಿಗರೇಟು ತರಲು ಅಂಗಡಿಗೆ ಕಳಿಸುವ ಅಭ್ಯಾಸವಿದ್ದರೆ ಇಂದೇ ನಿಲ್ಲಿಸಿ. ಈ ಚಟ ಎಷ್ಟೋ ಜನಕ್ಕೆ ಹತ್ತಿದ್ದು ಹೀಗೆ ತಂದುಕೊಡುತ್ತಲೇ.

ನಮ್ಮ ಮನೆಯದೇ ಅಡಿಕೆ ತೋಟ. ಮರದ ಕೆಲಸ ಮಾಡುವಾಗ ದಿನಕ್ಕೆ ಎಂಟು ಹತ್ತು ಸಲ ಎಲೆಯಡಿಕೆ ಹಾಕುತ್ತೇನೆ, ಹೊಗೆಸೊಪ್ಪು ಇಲ್ಲ. ಇದಕ್ಕೂ ಹೆದರಬೇಕೇ?

ಅಡಿಕೆಯನ್ನೇ ನಂಬಿ ಬದುಕುವ ಊರಿನಲ್ಲಿ ಇದನ್ನು ಬರೆಯುವುದು ಸುಲಭವಲ್ಲ. ತಾಂಬೂಲ ನಮ್ಮ ಪ್ರತಿ ಶುಭಕಾರ್ಯದಲ್ಲೂ ಇದೆ. ಊಟವಾದ ಮೇಲೆ ಅಪರೂಪಕ್ಕೆ ಒಂದು ಬೀಡ ಬೇರೆ, ದವಡೆಯಲ್ಲಿ ದಿನವಿಡೀ ಇಟ್ಟುಕೊಳ್ಳುವುದು ಬೇರೆ. ನಿಮ್ಮದು ಎರಡನೆಯದು. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿದೆ. ಇದರ ಬಗ್ಗೆ ನಮ್ಮಲ್ಲಿ ವಾದಗಳಿವೆ, ಆದರೆ ಅಡಿಕೆಯಿಂದ ಬಾಯಿ ಬಿಗಿಯುವ ಕಾಯಿಲೆಯನ್ನು ದಂತವೈದ್ಯರು ದಿನವೂ ಕಣ್ಣಾರೆ ಕಾಣುತ್ತಾರೆ.

ಆ ಕಾಯಿಲೆ ಶುರುವಾಗುವುದು ಖಾರದಿಂದ. ಮೊದಲು ತಿನ್ನುತ್ತಿದ್ದ ಅದೇ ಸಾರು, ಅದೇ ಚಟ್ನಿ ಬಾಯಿ ಉರಿಸತೊಡಗುತ್ತದೆ. ಆಮೇಲೆ ಕೆನ್ನೆಯ ಒಳಭಾಗ ಬಿಳಿಚಿ, ಬೆರಳಿಟ್ಟರೆ ಹಗ್ಗದಂಥ ಪಟ್ಟಿಗಳು ಸಿಗುತ್ತವೆ. ಅಡಿಕೆಯ ಅರೆಕೊಲಿನ್ ಎಂಬ ಅಂಶ ಒಳಚರ್ಮದಲ್ಲಿ ನಾರು ಬೆಳೆಸಿ, ಬೆಳೆದ ನಾರು ಕರಗದಂತೆ ಮಾಡುವುದೇ ಕಾರಣ. ಈಗಲೇ ಪರೀಕ್ಷಿಸಿಕೊಳ್ಳಿ. ತೋರು, ನಡು, ಉಂಗುರ ಮೂರು ಬೆರಳು ಜೋಡಿಸಿ ಒಂದರ ಮೇಲೊಂದು ಬರುವಂತೆ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಡಿ. ಮೂರೂ ಹೋಗಬೇಕು. ಎರಡೇ ಹೋದರೆ ಈ ವಾರವೇ ದಂತವೈದ್ಯರಿಗೆ ತೋರಿಸಿ. ಬಿಗಿದ ಬಾಯಿ ಮತ್ತೆ ಪೂರ್ತಿ ಸಡಿಲವಾಗುವುದು ಕಷ್ಟ, ಆದರೆ ಬಿಟ್ಟರೆ ಅಲ್ಲಿಗೆ ನಿಲ್ಲಿಸಬಹುದು.

ಕನ್ನಡಿ ಮುಂದೆ ಟಾರ್ಚ್ ಹಿಡಿದು ಇವನ್ನೂ ನೋಡಿ: ಒರೆಸಿದರೆ ಹೋಗದ ಬಿಳಿ ಮಚ್ಚೆ, ವೆಲ್ವೆಟ್‌ನಂಥ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಕುತ್ತಿಗೆಯಲ್ಲಿ ಗಂಟು. ಬಿಳಿಗಿಂತ ಕೆಂಪು ಹೆಚ್ಚು ಅಪಾಯದ್ದು. ನೋವಿಲ್ಲ ಎಂಬ ಕಾರಣಕ್ಕೆ ಬಿಡಬೇಡಿ, ಶುರುವಿನಲ್ಲಿ ಸಾಮಾನ್ಯವಾಗಿ ನೋವಿರುವುದಿಲ್ಲ. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಾಯಿ ತಪಾಸಣೆ ಉಚಿತ. ಮಣಿಪಾಲ, ದೇರಳಕಟ್ಟೆಯ ಡೆಂಟಲ್ ಕಾಲೇಜುಗಳಲ್ಲೂ ತೋರಿಸಿಕೊಳ್ಳಬಹುದು.

ಪಾನ್ ಮಸಾಲಾ ಚೀಟಿಗೆ ಬದಲಾಗುವ ಯೋಚನೆ ಬೇಡ. ಗುಟ್ಕಾ ಕರ್ನಾಟಕದಲ್ಲಿ 2013ರಿಂದ ನಿಷೇಧ. ಈಗ ಮಸಾಲಾ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ ಮಾರುತ್ತಾರೆ. ಬೆರೆಸುವ ಕೆಲಸ ಮಾತ್ರ ಅಂಗಡಿಯಿಂದ ನಿಮ್ಮ ಕೈಗೆ ಬಂದಿದೆ.

ಮಲ್ಪೆಯಿಂದ ಆಳಸಮುದ್ರಕ್ಕೆ ಹೋಗುವ ಬೋಟಿನಲ್ಲಿದ್ದೇನೆ. ಒಂದು ಸಲ ಹೋದರೆ ಹತ್ತು ದಿನ. ಕಳೆದ ಸಲ ತಂಬಾಕು ಒಯ್ಯದೆಯೇ ಹೋದೆ, ಬಿಟ್ಟೇಬಿಡುತ್ತೇನೆಂದು. ಮೂರನೇ ದಿನ ಜಗಳವಾಗಿ, ಬೇರೆಯವನ ಹತ್ತಿರ ಕೇಳಿ ಹಾಕಿಕೊಂಡೆ. ಮನಸ್ಸು ಗಟ್ಟಿ ಇಲ್ಲವೇ ನನಗೆ?

ನಿಮ್ಮ ಮನಸ್ಸು ಗಟ್ಟಿಯೇ ಇದೆ, ದಿನ ಆರಿಸಿದ್ದು ತಪ್ಪಾಯಿತು. ನಿಕೋಟಿನ್ ನಿಂತ ಮೇಲೆ ಸಿಡುಕು, ನಿದ್ದೆಗೇಡು, ಚಡಪಡಿಕೆ ಅತಿ ಹೆಚ್ಚಿರುವುದು ಎರಡನೇ ಮೂರನೇ ದಿನ. ನಿಮಗೆ ಆ ದಿನ ನಡುಕಡಲಲ್ಲಿ, ನಿದ್ದೆಯಿಲ್ಲದೆ ಬಲೆ ಎಳೆಯುವ ಕೆಲಸದ ನಡುವೆ ಬಂತು. ವಿಂಚ್ ಪಕ್ಕ ನಿಂತವನ ಗಮನ ತಪ್ಪಿದರೆ ಬೆರಳು ಹೋಗುತ್ತದೆ, ಆದ್ದರಿಂದ ಬೋಟಿನಲ್ಲಿ ಬಿಡಲು ಶುರು ಮಾಡಬೇಡಿ, ದಡದಲ್ಲಿ ಮಾಡಿ.

ನಿಮ್ಮ ಕಸುಬಿಗೆ ಒಳ್ಳೆಯ ಕಾಲ ಒಂದಿದೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದ 61 ದಿನ. ದೇಹದ ತೊಂದರೆ ಬಹುಪಾಲು ಮೊದಲ ಎರಡರಿಂದ ನಾಲ್ಕು ವಾರದಲ್ಲಿ ಮುಗಿಯುತ್ತದೆ, ಉಳಿದ ದಿನ ಅಭ್ಯಾಸ ಗಟ್ಟಿಯಾಗಲು ಸಿಗುತ್ತದೆ. ಅಲ್ಲಿಯವರೆಗೆ ಕಾಯಲಾರಿರಾದರೆ ಮುಂದಿನ ಟ್ರಿಪ್ಪಿಗೆ ಕನಿಷ್ಠ ಎರಡು ವಾರ ರಜೆ ಹೇಳಿ.

ಬಿಡುವ ದಿನಕ್ಕೆ ಒಂದು ವಾರ ಮೊದಲು ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ತಂಬಾಕು ಬಿಡಿಸುವ ಸಲಹೆ ಕೇಳಿ. ಮಂಗಳೂರಿನವರು ವೆನ್ಲಾಕ್ ಆಸ್ಪತ್ರೆಯಲ್ಲಿ ಕೇಳಬಹುದು. ಫೋನಿನಲ್ಲಾದರೆ 1800-11-2356, ಕರೆ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಈ ಸಂಖ್ಯೆ ನಿಮ್ಮ ತಂಬಾಕಿನ ಪೊಟ್ಟಣದ ಮೇಲೆಯೇ ಇದೆ. ಎದ್ದ ಅರ್ಧ ಗಂಟೆಯೊಳಗೆ ತಂಬಾಕು ಬೇಕೆನಿಸುತ್ತದೆಯೇ ಎಂದು ಕೇಳುತ್ತಾರೆ. ಹೌದಾದರೆ ಸಾಮಾನ್ಯವಾಗಿ 4 ಮಿಲಿಗ್ರಾಂ ನಿಕೋಟಿನ್ ಗಮ್ ಬೇಕಾಗುತ್ತದೆ, ಇಲ್ಲವಾದರೆ 2 ಮಿಲಿಗ್ರಾಂ. 4ಕ್ಕೆ ವೈದ್ಯರ ಚೀಟಿ ಬೇಕು. ಹೃದಯದ ತೊಂದರೆ ಇದ್ದರೆ ಮೊದಲೇ ಹೇಳಿ. ಬಾಯಿ ಬಿಗಿದವರಿಗೆ ಗಮ್ ಜಗಿಯಲಾಗುವುದಿಲ್ಲ, ಅವರಿಗೆ ತೋಳಿಗೆ ಅಂಟಿಸುವ ಪ್ಯಾಚ್ ಇದೆ.

ಗಮ್ ಕೆಲಸ ಮಾಡಲಿಲ್ಲ ಎನ್ನುವ ಹೆಚ್ಚಿನವರು ಅದನ್ನು ಚೂಯಿಂಗ್ ಗಮ್ ಹಾಗೆ ಜಗಿದವರು. ನಿಧಾನಕ್ಕೆ ಹತ್ತು ಹದಿನೈದು ಸಲ ಜಗಿಯಿರಿ. ಬಾಯಲ್ಲಿ ಚುರುಗುಟ್ಟಿದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ವಸಡಿನ ನಡುವೆ ಒತ್ತಿ ಇಡಿ. ಒಂದು ನಿಮಿಷದಲ್ಲಿ ಚುರುಕು ಇಳಿದಾಗ ಮತ್ತೆ ನಾಲ್ಕು ಸಲ ಜಗಿದು ಇನ್ನೊಂದು ಬದಿಗೆ ಇಡಿ. ಹೀಗೆ ಅರ್ಧ ಗಂಟೆ. ಒಂದೇ ಸಮನೆ ಜಗಿದರೆ ನಿಕೋಟಿನ್ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಹೊಟ್ಟೆ ಉರಿ ಬರುತ್ತದೆ, ಆಸೆ ತಣಿಯುವುದಿಲ್ಲ. ಗಮ್ ಹಾಕುವ ಕಾಲು ಗಂಟೆ ಮೊದಲು ಮತ್ತು ಬಾಯಲ್ಲಿರುವಷ್ಟು ಹೊತ್ತು ಕಾಫಿ, ಪುನರ್ಪುಳಿ ಶರಬತ್ತು, ನಿಂಬೆ ಬೇಡ. ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಒಳಚರ್ಮದಿಂದ ಇಳಿಯುವುದಿಲ್ಲ. ನೀವು ಸೊಪ್ಪಿಗೆ ಸುಣ್ಣ ಹಾಕುತ್ತಿದ್ದ ಕಾರಣವನ್ನು ತಿರುಗಿಸಿ ನೋಡಿದರೆ ಇದು ಅರ್ಥವಾಗುತ್ತದೆ. ಮೊದಲ ಆರು ವಾರ ದಿನಕ್ಕೆ ಎಂಟರಿಂದ ಹನ್ನೆರಡು, ಮುಂದಿನ ಮೂರು ವಾರ ಅದರ ಅರ್ಧ, ಕೊನೆಯ ಮೂರು ವಾರ ಇನ್ನೂ ಅರ್ಧ. ಹನ್ನೆರಡು ವಾರಕ್ಕೆ ಮುಗಿಯಬೇಕು.

ಆಸೆ ಎದ್ದಾಗ ಅದು ಮೂರರಿಂದ ಐದು ನಿಮಿಷವಷ್ಟೇ ಜೋರಾಗಿರುತ್ತದೆ. ಆ ಹೊತ್ತಿಗೆ ಬಾಯಿಗೆ ಲವಂಗ, ಏಲಕ್ಕಿ, ಒಣ ನೆಲ್ಲಿಕಾಯಿ ತುಂಡು ಇಟ್ಟುಕೊಳ್ಳಿ, ಅಡಿಕೆ ಬೇಡ. ಮಲಬದ್ಧತೆ, ಬಾಯಿಹುಣ್ಣು ಕಾಣಿಸಿದರೆ ಗಾಬರಿಯಾಗಬೇಡಿ, ಬಿಟ್ಟವರಿಗೆ ಕೆಲವು ದಿನ ಆಗುತ್ತದೆ. ಎರಡು ವಾರ ದಾಟಿದ ಹುಣ್ಣು ಮಾತ್ರ ತೋರಿಸಲೇಬೇಕು.

ಆಗಸ್ಟ್‌ನಲ್ಲಿ ಮತ್ತೆ ಕಡಲಿಗೆ ಇಳಿಯುವಾಗ ನಿಮಗೆ ಗಮ್ ಇನ್ನೂ ಬೇಕಿರುತ್ತದೆ. ದಿನಕ್ಕೆ ಆರರ ಲೆಕ್ಕದಲ್ಲಿ ಹತ್ತು ದಿನಕ್ಕೆ 60, ಜೊತೆಗೆ ಹವಾಮಾನ ಕೆಟ್ಟು ತಡವಾದರೆಂದು ಇನ್ನೊಂದು ಹನ್ನೆರಡು, ಉಪ್ಪುನೀರು ತಾಗದ ಮುಚ್ಚಳದ ಡಬ್ಬಿಯಲ್ಲಿ ಒಯ್ಯಿರಿ. ಬೋಟು ನಡೆಸುವ ತಾಂಡೇಲರಿಗೂ, ಕಳೆದ ಸಲ ತಂಬಾಕು ಕೊಟ್ಟ ಗೆಳೆಯನಿಗೂ ದಕ್ಕೆಯಲ್ಲೇ ಹೇಳಿಬಿಡಿ: ಈ ಸಲ ನಾನು ಕೇಳಿದರೂ ಕೊಡಬೇಡ.